ಹಳದಿ ಕಣ್ಣು ಎಂದು ಬರೆಸಿದ ದೂರು

ಡಿಸೆಂಬರ್ ಎರಡು, ಶುಕ್ರವಾರ. ಬೆಳಗ್ಗೆ ಎಂಟು ನಲವತ್ತಕ್ಕೆ ಫಿಮಾಯ್ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೆಬಲ್ ಸೋಂಬತ್‌ಗೆ ನಗು ತಡೆಯಲಾಗಲಿಲ್ಲ. ಬೆಕ್ಕು ಕಳುವಾಗಿದೆಯಂತೆ!

ಇನ್‌ಸ್ಪೆಕ್ಟರ್ ತಾವೋನ್ ನಗಲಿಲ್ಲ. ಸೋಂಬತ್ ದಕ್ಷಿಣದ ಕಡಲೂರಿನವನು, ತಾವೋನ್ ಇದೇ ಕೊರಾಟ್ ಸೀಮೆಯವರು. ಮನೆಗೆ ಅದೃಷ್ಟ ತರುತ್ತದೆ ಅನ್ನುವ ಸೀಸವಾತ್ ತಳಿಯ ಬೆಕ್ಕು ಅಂದರೆ ಇಲ್ಲಿಯವರಿಗೆ ಏನು ಅಂತ ಬಲ್ಲವರು.

"ಬೆಲೆ ಎಷ್ಟು ಬರ್ಕೊಳ್ಳಲಿ?" ಸೋಂಬತ್ ಕೇಳಿದ.

"ಅದನ್ನ ಮಾರೋ ಹಾಗಿಲ್ಲ. ಮದುಮಗಳಿಗೆ ಜೋಡಿ ಕೊಡೋದು," ಅಂದ ದೂರುದಾರ ಕಂಪೋನ್, ಪೇಟೆಯಲ್ಲಿ ನೂಡಲ್ಸ್ ಅಂಗಡಿ ಇಟ್ಟವನು. "ನಾಡಿದ್ದು ನನ್ನ ಮದುವೆ. ಗಂಡು ಬೆಕ್ಕು ಇದೆ, ಹೆಣ್ಣು ಹೋಗಿದೆ. ಒಂಟಿ ಬೆಕ್ಕು ಇಟ್ಕೊಂಡು ಹೊಸಬಳನ್ನ ಹೇಗೆ ಒಳಗೆ ಕರೀಲಿ?"

"ಜೋಡಿ ಯಾರ ಮದುವೇಲಿ ಬಂದಿದ್ದು?" ತಾವೋನ್ ಕೇಳಿದರು.

ಕಂಪೋನ್ ಮೇಜು ನೋಡಿದ. "ಹಿಂದಿನ ಮದುವೇಲಿ. ಪಿಂಫಾ ಹೋಗಿ ಎರಡು ವರ್ಷ ಆಯ್ತು, ಸರ್. ಹೆರಿಗೇಲಿ. ಮಗೂನೂ ಉಳೀಲಿಲ್ಲ."

"ಬೆಕ್ಕಿನ ಗುರುತು?"

"ಬೆಳ್ಳಿಬೂದು ಮೈ. ಹಳದಿ ಕಣ್ಣು. ಹೆಸರು ದೋಕ್‌ಲಾವ್."

ಎಫ್‌ಐಆರ್‌ನಲ್ಲಿ ಬೆಲೆಯ ಜಾಗ ಖಾಲಿ ಉಳಿಯಿತು.

ಹತ್ತೂವರೆಗೆ ಸ್ಥಳ ಪಂಚನಾಮೆ. ಮದುವೆ ಚಪ್ಪರದ ಧ್ವನಿವರ್ಧಕ ನಿನ್ನೆಯಿಂದ ಕಿರುಚುತ್ತಿತ್ತು. ಸೀಸವಾತ್‌ಗೆ ಗದ್ದಲ ಆಗದು, ಗುರುತಿಲ್ಲದವರ ಕೈಗಂತೂ ಸಿಗದು. ಹೆದರಿ ಕಪಾಟಿನಡಿ ಸೇರಿದ್ದ ಬೆಕ್ಕನ್ನು ಯಾರೋ ಉಪಾಯವಾಗಿ ಹೊರಗೆ ಕರೆದಿದ್ದರು. ಹಿತ್ತಿಲ ಮೆಟ್ಟಿಲ ಮೇಲೆ ಬಾಳೆಲೆಯ ಚೂರು. ಅದರಂಚಿಗೆ ಬೇಯಿಸಿದ ಬಂಗುಡೆಯ ಮುಳ್ಳು, ಒಂದೂ ಬಿಡದೆ ಬಿಡಿಸಿಟ್ಟಿದ್ದು.

"ನೀವು ಮುಳ್ಳು ತೆಗೆದು ಹಾಕ್ತೀರಾ?" ತಾವೋನ್ ಕಂಪೋನ್‌ನನ್ನು ಕೇಳಿದರು.

"ಅಷ್ಟೆಲ್ಲ ಪುರುಸೊತ್ತು ಎಲ್ಲಿದೆ ಸರ್? ತಲೆ ಸಮೇತ ಹಾಕ್ತೀವಿ. ಪಿಂಫಾ ತೆಗೀತಿದ್ಲು. ಅವಳಿಗೆ ಅವಳಮ್ಮ ಕಲಿಸಿದ್ದು..."

ಮಧ್ಯಾಹ್ನ ಎರಡಕ್ಕೆ ಜೀಪು ಮೂನ್ ನದಿ ದಾಟಿ ಪಿಂಫಾಳ ತಾಯಿ ಸಂಲೀಯ ಮನೆ ಮುಂದೆ ನಿಂತಿತು. ಅರವತ್ತೆಂಟರ ಮುದುಕಿ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಬೆಕ್ಕು ತೊಡೆಯ ಮೇಲಿತ್ತು. ಅದರ ನುಣುಪು ಕೂದಲಿಗೆ ಬಾಚಣಿಗೆ ಬೇಡ, ಅಂಗೈ ಸಾಕು. ಸಂಲೀ ಸವರುತ್ತಲೇ ಇದ್ದಳು.

"ಕೂತ್ಕೊಳ್ಳಿ ಮಕ್ಕಳೇ. ಊಟ ಆಯ್ತಾ?"

ಸೋಂಬತ್ ಪಿಸುಗುಟ್ಟಿದ: "ಸರ್, ಇದು ಅದಲ್ಲ. ದೂರಿನಲ್ಲಿ ಹಳದಿ ಕಣ್ಣು ಅಂತಿದೆ. ಇದರದು ಎಳೇ ಪೈರಿನ ಹಸಿರು."

ಮುದುಕಿಗೆ ಕೇಳಿಸಿತು. "ಮರಿಯಾಗಿದ್ದಾಗ ಹಳದಿ ಕಣಪ್ಪ. ಹಸಿರಾಗೋಕೆ ಮೂರು ನಾಲ್ಕು ವರ್ಷ ಬೇಕು. ನನ್ನ ಮಗಳು ದಿನಾ ಬೆಳಕಿಗೆ ಹಿಡಿದು, ಇವತ್ತೆಷ್ಟು ಹಸಿರಾಯ್ತು ಅಂತ ನೋಡ್ತಿದ್ಲು. ಅವಳು ಹೋದಮೇಲೆ ಅಳಿಯ ಇದರ ಮುಖಾನೇ ನೋಡಿಲ್ಲ."

"ಗಂಡು ಬೆಕ್ಕು ಯಾಕೆ ಬಿಟ್ರಿ, ಅಮ್ಮಾ?" ತಾವೋನ್ ಕೇಳಿದರು.

"ಅದು ಅವನದು. ನಾನೇನು ಕಳ್ಳೀನಾ?"

ಮೂರೂವರೆಗೆ ಬಂಧನ. ಬೆಕ್ಕು ಮುದ್ದೆಮಾಲಾಗಿ ಜೀಪು ಹತ್ತಿತು.

ಠಾಣೆಯಲ್ಲಿ ತಾವೋನ್ ಹೇಳಿಕೆ ಬರೆಯಲು ಕೂತರು. ಬೆಕ್ಕು ಒಯ್ಯಲು ಕಂಪೋನ್ ಬುಟ್ಟಿ ಹಿಡಿದು ಬಂದಿದ್ದ.

"ಯಾಕೆ ಮಾಡಿದ್ರಿ?"

"ಅವಳು ಸ್ಕೂಲಲ್ಲಿ ಪಾಠ ಮುಗಿಸಿ ಐದಕ್ಕೆ ಬರ್ತಿದ್ಲು. ಇದು ಈಗಲೂ ಐದಕ್ಕೆ ಹೋಗಿ ಹೊಸ್ತಿಲಲ್ಲಿ ಕೂರುತ್ತೆ. ವಾರಕ್ಕೊಂದು ಸಲ ನಾನೂ ಹೋಗಿ ಪಕ್ಕದಲ್ಲಿ ಕೂರ್ತಿದ್ದೆ. ಈಗ ಆ ಹೊತ್ತಿಗೆ ಬಾಗಿಲು ಹಾಕ್ತಾರೆ."

"ಯಾರನ್ನ ಕಾಯ್ತಿದೆ ಅಂತ ಹೊಸಬಳು ಕೇಳ್ತಾಳೆ, ಅತ್ತೆ," ಅಂದ ಕಂಪೋನ್. "ನಾನೇನು ಹೇಳಲಿ?"

"ನಿಂದೇನೂ ತಪ್ಪಿಲ್ಲಪ್ಪ. ನೀನು ಮದುವೆ ಆಗು. ಆದ್ರೆ ಕಾಯೋರು ನಾನೊಬ್ಳೇ ಉಳಿದ್ರೆ, ಅವಳು ನಿಜವಾಗ್ಲೂ ಬರಲ್ಲ ಅಂತಾಗುತ್ತೆ."

ಐದಾಯಿತು. ಬೆಕ್ಕು ಮೇಜಿನಿಂದ ಇಳಿದು ಠಾಣೆಯ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ಕೂತಿತು. ಸಂಲೀ ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಯಾರೂ ತಡೆಯಲಿಲ್ಲ.

ಐದೂವರೆಗೆ ಬೆಕ್ಕನ್ನು ದೂರುದಾರನಿಗೆ ಒಪ್ಪಿಸಲಾಯಿತು. ಉದ್ದೇಶ ಎಂಬ ಸಾಲಿನೆದುರು ತಾವೋನ್ ಬರೆದರು: ಆರೋಪಿ ಮಗಳನ್ನು ಕಾಯುತ್ತಿದ್ದಳು.