ನೆಟ್ಟಗೆ ನಡೆದು ಬಂದವರು

ನಾನು ಬರೆಯುವವಳಲ್ಲ. ಹಗಲು ಡ್ಯೂಟಿ ಮಾಡಿ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಒಬ್ಬ ನರ್ಸ್, ಹೆಸರು ಪದ್ಮಶ್ರೀ. ನನ್ನದೇ ಪ್ರೀತಿಯನ್ನು ನಾನೇ ಹೇಳಿಕೊಳ್ಳುವುದು ಅಧಿಕಪ್ರಸಂಗ ಅನಿಸಿದರೆ ಕ್ಷಮಿಸಿ. ಹೇಳದೆ ಇರಲು ಆಗುತ್ತಿಲ್ಲ, ಅಷ್ಟೇ.

ಬೆಟ್ಟಸ್ವಾಮಿ ಹಂಪಾಪುರದವರು, ಟ್ರ್ಯಾಕ್ಟರ್ ಡ್ರೈವರ್. ಸೊಂಟದ ಹತ್ತಿರ ಬೆನ್ನುಮೂಳೆ ಜಾರಿ, ಮೈಸೂರಿನಲ್ಲಿ ಆಪರೇಷನ್ ಆಗಬೇಕಿತ್ತು. ಬೆನ್ನಿನ ಆಪರೇಷನ್‌ನಲ್ಲಿ ರಕ್ತ ಬಹಳ ಹೋಗುತ್ತದೆ. ಇವರ ಮೈಯಲ್ಲೋ ರಕ್ತವೇ ಕಡಿಮೆ. ಮೊದಲು ಅದನ್ನು ಏರಿಸಿಕೊಂಡು ಬನ್ನಿ ಎಂದು ಅಲ್ಲಿನ ಡಾಕ್ಟರು ಎಚ್.ಡಿ. ಕೋಟೆಯ ನಮ್ಮ ನರ್ಸಿಂಗ್ ಹೋಮಿಗೆ ಕಳಿಸಿದ್ದರು. ವಾರಕ್ಕೊಮ್ಮೆ ಐರನ್ ಡ್ರಿಪ್. ಜೊತೆಗೆ, ನುಂಗುತ್ತಿದ್ದ ನೋವಿನ ಮಾತ್ರೆ ಪೂರ್ತಿ ನಿಲ್ಲಿಸಬೇಕು. ಅದು ಮೈಯಲ್ಲಿದ್ದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ.

ಬೇರೆ ಬೆನ್ನುನೋವಿನವರು ಗೋಡೆ ಹಿಡಿದು ಬಂದರೆ, ಇವರು ಇಸ್ತ್ರಿ ಷರ್ಟ್ ಹಾಕಿ ಮದುಮಗನ ಹಾಗೆ ನೆಟ್ಟಗೆ ಬರುತ್ತಿದ್ದರು. ಸೂಜಿ ಚುಚ್ಚುವಾಗ ನನ್ನ ಮುಖ ನೋಡುತ್ತಿದ್ದರು. ಡ್ರಿಪ್ಪಿನ ಹನಿ ನೋಡುವ ನೆಪದಲ್ಲಿ ನಾನು ತಲೆ ಎತ್ತಿದರೆ ಕಿಟಕಿ ಕಡೆ ತಿರುಗುತ್ತಿದ್ದರು. ಕಿವಿ ಮಾತ್ರ ಕೆಂಪಗೆ ಸಿಕ್ಕಿಬೀಳುತ್ತಿತ್ತು.

"ನಂಗೂ ಸಿಸ್ಟರ್ ಅಂತಾರೆ, ಆಯಾಗೂ ಸಿಸ್ಟರ್ ಅಂತಾರೆ. ನಿಂಗೊಬ್ಳಿಗೆ ಯಾಕ್ಲೇ ಮೇಡಂ?" ಎಂದು ಜೊತೆಯ ನರ್ಸ್ ಶಾಂಭವಿ ಚುಡಾಯಿಸಿದಳು. ಅವರನ್ನೇ ಕೇಳು ಎಂದೆ. ಕೇಳಿಯೇಬಿಟ್ಟಳು.

"ಒಬ್ರಾದ್ರೂ ಅಕ್ಕತಂಗಿ ಅಲ್ದೆ ಇರ್ಲಿ ಬುಡಿ ಸಿಸ್ಟರ್," ಅಂದರು.

ಅವತ್ತೆಲ್ಲ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಆಪರೇಷನ್ ಹತ್ತಿರ ಬಂದಾಗ ಒಂದು ರಜೆಯ ದಿನ ಮೈಸೂರು ಬಸ್ಸಿನಲ್ಲಿದ್ದೆ. ಹಂಪಾಪುರದಲ್ಲಿ ಕಿಟಕಿಯಿಂದ ಅವರು ಕಂಡರು. ಮೆಡಿಕಲ್ ಸ್ಟೋರಿನ ಕಂಬ ಹಿಡಿದು, ಅರ್ಧಕ್ಕೆ ಬಗ್ಗಿ, ಉಸಿರು ಬಿಗಿಹಿಡಿದು ನಿಂತಿದ್ದರು. ನನ್ನನ್ನು ನೋಡಲಿಲ್ಲ.

ಮಾರನೆಯ ದಿನ ಕೊನೆಯ ಡ್ರಿಪ್ಪಿಗೆ ಬಂದಾಗ ಮತ್ತೆ ಅದೇ ನೆಟ್ಟನೆಯ ನಡಿಗೆ. ಮಾತ್ರೆ ನುಂಗದೆ ಒಂದೇ ದಿನದಲ್ಲಿ ಹೀಗೆ ನಡೆಯಲಾಗದು. ಆಪರೇಷನ್ ನಾಡಿದ್ದು.

ಮಾತ್ರೆ ನಿಲ್ಲಿಸಿದ್ದೀರಾ ಎಂದು ಕೇಳಿದೆ. ಆಗಲೇ ಬಿಟ್ಟೆ ಅಂದರು. ಬಸ್ಸಿನಿಂದ ನೋಡಿದ್ದನ್ನು ಹೇಳಿದೆ.

"ಇಲ್ಲಿಗ್ ಬರೋ ದಿನ ಮಾತ್ರ ನುಂಗ್ತೀನಿ ಕಣ್ರೀ," ಅಂದರು. "ಬಗ್ಗಿಕೊಂಡ್ ಬಂದ್ರೆ ನೀವು ರೋಗಿನ ನೋಡ್ತೀರಿ. ನೆಟ್ಟಗ್ ಬಂದ್ರೆ ನನ್ನ ನೋಡ್ತೀರೇನೋ ಅಂತ."

ಸಿಟ್ಟು ಬಂತು. ಅದರ ಹಿಂದೆಯೇ ಇನ್ನೇನೋ ಉಕ್ಕಿ ಕಣ್ಣು ಮಂಜಾಯಿತು. ಡಾಕ್ಟರಿಗೆ ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಇವರು ಇನ್ನಷ್ಟು ದಿನ ನರಳಬೇಕು, ಮುನಿಸಿಕೊಂಡು ಬರುವುದನ್ನೇ ಬಿಡಬಹುದು. ಹೇಳದಿದ್ದರೆ ಟೇಬಲ್ ಮೇಲೆ ರಕ್ತ ನಿಲ್ಲದೆ ಹೋಗಬಹುದು. ಅವರ ಎದುರಿಗೇ ಫೋನ್ ಮಾಡಿದೆ. ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದರು, ಅಲ್ಲಿಯವರೆಗೆ ಆಗಾಗ ನಮ್ಮಲ್ಲಿಗೇ ಬಂದು ರಕ್ತ ಪರೀಕ್ಷೆ ಮಾಡಿಸಲು ಹೇಳಿದರು.

"ಇನ್ಮೇಲೆ ಬಗ್ಗಿಕೊಂಡೇ ಬನ್ನಿ," ಎಂದೆ. "ನಿಮ್ಮನ್ನೇ ನೋಡ್ತೀನಿ."

ಬಂದರು, ಹಲ್ಲು ಕಚ್ಚಿಕೊಂಡು. ನಾನು ಗೇಟಿನವರೆಗೂ ಹೋಗಿ ತೋಳು ಕೊಡುತ್ತಿದ್ದೆ. ಅಷ್ಟು ನಿಧಾನವಾಗಿ, ಅಷ್ಟು ಹತ್ತಿರದಲ್ಲಿ ಯಾರ ಜೊತೆಗೂ ನಾನು ನಡೆದಿರಲಿಲ್ಲ.

ಆಪರೇಷನ್ನಿನ ದಿನ ಅವರ ತಾಯಿ ಪುಟ್ಟತಾಯಮ್ಮನವರ ಪಕ್ಕ ಕೂತೆ. ಹೊಟ್ಟೆ ಒತ್ತಿದರೆ ರಕ್ತ ಹೆಚ್ಚು ಹೋಗುತ್ತದೆ, ಅದಕ್ಕೇ ಹೊಟ್ಟೆಗೆ ಏನೂ ತಾಗದ ಹಾಗೆ ಬೋರಲು ಮಲಗಿಸುತ್ತಾರೆ, ರಕ್ತಸ್ರಾವ ತಗ್ಗಿಸುವ ಇಂಜೆಕ್ಷನ್ ಕೊಡುತ್ತಾರೆ ಎಂದೆಲ್ಲ ಅವರಿಗೆ ಹೇಳುತ್ತಾ ನನಗೆ ನಾನೇ ಧೈರ್ಯ ಹೇಳಿಕೊಂಡೆ.

"ಅದೆಲ್ಲ ಸರಿ," ಅಂದರು ಅವರು. "ನೀನ್ಯಾರವ್ವ?"

ನೀರಿನ ಬಾಟಲಿ ಅವರ ಕೈಗಿಟ್ಟೆ. ಬೇರೆಯವರ ರಕ್ತ ಕೊಡುವ ಅಗತ್ಯವೇ ಬರಲಿಲ್ಲ ಎಂದು ಡಾಕ್ಟರು ಬಂದು ಹೇಳಿದಾಗ, ಪುಟ್ಟತಾಯಮ್ಮನವರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅವರು ನನ್ನ ಬೆನ್ನು ಸವರಿದರು, ಮತ್ತೆ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ವಾರ್ಡಿಗೆ ಹೋದವಳೇ ಬಗ್ಗಿ, ಗಾಯದ ರಕ್ತ ಇಳಿಯುವ ಬಾಟಲಿ ನೋಡಿದೆ. ಸ್ವಲ್ಪವೇ ಇತ್ತು.

"ಬಾಟ್ಲಿ ನೋಡಾಕ್ ಬಂದ್ರಾ, ನನ್ನ ನೋಡಾಕ್ ಬಂದ್ರಾ?"

"ಮೊದ್ಲು ಬಾಟ್ಲಿ."

"ಆಮೇಲೆ?"

"ಆಮೇಲೆ ಪೂರ್ತಿ ನೀವೇ."

ಸೂಜಿ ಇದ್ದ ಕೈಯನ್ನೇ ಚಾಚಿದರು. ಮೆಲ್ಲಗೆ ಹಿಡಿದುಕೊಂಡೆ. ನಮ್ಮನೆಗೇ ಬಂದುಬುಡ್ತೀರಾ ಎಂದು ಕೇಳಿದರು. ಬತ್ತೀನಿ ಎಂದೆ, ಅವರ ಮಾತಿನಲ್ಲೇ.

ರಕ್ತ ಅಷ್ಟು ಕಡಿಮೆ ಹೋದದ್ದು ಮಾತ್ರೆ ಬಿಟ್ಟಿದ್ದರಿಂದಲೋ, ಇಂಜೆಕ್ಷನ್ನಿನಿಂದಲೋ, ಡಾಕ್ಟರ ಕೈಗುಣದಿಂದಲೋ ನನಗೆ ಗೊತ್ತಿಲ್ಲ. ಈ ಬೆನ್ನು ಎಷ್ಟು ವರ್ಷ ನೋವಿಲ್ಲದೆ ಇರುತ್ತದೆ ಎಂದು ಕೇಳಿದೆ. ಅದನ್ನು ಹೇಳಲಾಗದು ಅಂದರು ಡಾಕ್ಟರು. ಅದೂ ನನಗೆ ಗೊತ್ತಿಲ್ಲ.