ಇರುವಂತಿ ಕುಡಿಯದೆ ಬಿಟ್ಟ ನೀರು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ಅಂಬರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ವಿಜಯಕೇತು ಒಳ್ಳೆಯವನು, ಆದರೆ ಅಂಜುಬುರುಕ. ಲೋಕದಲ್ಲಿ ತನಗೆ ತಿಳಿಯದ್ದು ಏನೋ ಇದೆ ಎಂದರೆ ಸಾಕು, ಅವನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಅವನು ಗಹ್ವರನೆಂಬ ಮಾಂತ್ರಿಕನನ್ನು ಆಸ್ಥಾನದಲ್ಲಿ ಇಟ್ಟುಕೊಂಡಿದ್ದ.

ಗಹ್ವರನಿಗೆ ಎಲ್ಲವೂ ಗೊತ್ತಿತ್ತು. ಯಾವ ಮರದ ತೊಗಟೆ ಯಾವ ಜ್ವರಕ್ಕೆ, ಯಾವ ನಕ್ಷತ್ರ ಎಂದು ಮೂಡುತ್ತದೆ, ಯಾವ ಮಣ್ಣಿಗೆ ಯಾವ ಬೀಜ, ಏನೇ ಕೇಳಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಮೂವತ್ತು ವರ್ಷಗಳಲ್ಲಿ ಅವನು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಹಾಗಾಗಿ ಜನ ತಾವಾಗಿ ಹುಡುಕಿ ನೋಡುವುದನ್ನೇ ಬಿಟ್ಟಿದ್ದರು. ಗಹ್ವರನಿಗೂ ತಿಳಿಯದ್ದು ಇದೆ ಎಂದು ಯಾರಾದರೂ ಬಾಯಿಬಿಟ್ಟರೆ, ಅವನು ಒಂದು ಮಂತ್ರ ಹೇಳುತ್ತಿದ್ದ. ಹೇಳಿದವರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಒಂದು ವರ್ಷ ಆ ರಾಜ್ಯಕ್ಕೆ ವಿಚಿತ್ರವಾದ ನಿದ್ದೆ ಬಂತು. ಬಡಿಸುತ್ತಿದ್ದವರು ಬಡಿಸುತ್ತಲೇ, ನೇಯುತ್ತಿದ್ದವರು ಮಗ್ಗದ ಮುಂದೆಯೇ ಒರಗಿದರು. ಮೈ ಕಲ್ಲಿನಂತೆ ತಣ್ಣಗಾಗುತ್ತಿತ್ತು. ಎಷ್ಟು ಅಲುಗಿಸಿದರೂ ಏಳುತ್ತಿರಲಿಲ್ಲ. ಕುಂಬಾರ ದ್ಯಾವಣ್ಣನ ಹಿರಿಯ ಮಗಳು ಸುರಗಿಯೂ ಹಾಗೆಯೇ ಮಲಗಿದಳು. ದ್ಯಾವಣ್ಣ ಅರಮನೆಗೆ ಹೋಗಿ, ಇದು ಹಿಂದೆ ಯಾರೂ ಕಾಣದ ಕಾಯಿಲೆ, ಮದ್ದನ್ನು ಹೊಸದಾಗಿಯೇ ಹುಡುಕಬೇಕು ಎಂದ. ಅಷ್ಟಕ್ಕೇ ಅವನ ನಾಲಿಗೆ ಅಂಟಿಹೋಯಿತು.

ಗಹ್ವರ ಸಭೆಗೆ ಹೇಳಿದ: "ಹೊಸದು ಎಂಬುದು ಯಾವುದೂ ಇಲ್ಲ. ಇವರು ನಿದ್ದೆ ಹೋಗಿಲ್ಲ, ಸತ್ತಿದ್ದಾರೆ. ಎಲ್ಲರನ್ನೂ ಗುಹೆಯಲ್ಲಿ ಮಲಗಿಸಿ. ಬರುವ ಹುಣ್ಣಿಮೆಗೆ ಗುಹೆಯ ಬಾಯಿ ಮುಚ್ಚಿಬಿಡೋಣ."

ದ್ಯಾವಣ್ಣನ ಕಿರಿಯ ಮಗಳ ಹೆಸರು ಇರುವಂತಿ. ಅವಳು ಅಕ್ಕನ ಮೂಗಿನ ಬಳಿ ಒಂದು ಹಕ್ಕಿಯ ಪುಕ್ಕ ಹಿಡಿದು ಕುಳಿತಳು. ಬೆಳಿಗ್ಗೆಯಿಂದ ಸಂಜೆಯೊಳಗೆ ಪುಕ್ಕ ಮೂರು ಸಲ ಅಲುಗಿತು. ಅಕ್ಕ ಸತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಏಳನೆಯ ಬೆಟ್ಟದ ಆಚೆ ಒಂದು ಸರೋವರವಿದೆ, ಅದರ ನೀರು ಕುಡಿದವರಿಗೆ ಎಲ್ಲವೂ ತಿಳಿಯುತ್ತದೆ ಎಂದು ಮುದುಕಿಯರು ಹೇಳುತ್ತಿದ್ದರು. ಇರುವಂತಿ ಬುತ್ತಿ ಕಟ್ಟಿಕೊಂಡು ಹೊರಟಳು. ಹುಣ್ಣಿಮೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಮೂರನೆಯ ಬೆಟ್ಟದ ಬುಡದಲ್ಲಿ ಒಂದು ಹೊಳೆ ಅಡ್ಡ ಬಂತು. ದಡದಲ್ಲಿ ಸಿಂಹದ ಮೈ, ಆನೆಯ ಸೊಂಡಿಲು ಇರುವ ಯಾಳಿ ಕುಳಿತಿತ್ತು. ಈ ಹೊಳೆಯ ನೀರು ಯಾಕೆ ಬಿಸಿ ಎಂದು ಅದು ಕೇಳಿತು. ಈ ಬೆಟ್ಟಗಳಲ್ಲಿ ಎಲ್ಲೇ ಆದರೂ ನೋಡದೆ ಹೇಳಿದರೆ ಕಲ್ಲಾಗುತ್ತೀಯ ಎಂದೂ ಎಚ್ಚರಿಸಿತು.

"ನನಗೆ ಗೊತ್ತಿಲ್ಲ. ನೋಡಿಕೊಂಡು ಬಂದು ಹೇಳುತ್ತೇನೆ," ಎಂದಳು ಇರುವಂತಿ.

ಅವಳು ದಡ ಹಿಡಿದು ಮೂರು ದಿನ ಮೇಲಕ್ಕೆ ನಡೆದಳು. ನಡೆದಷ್ಟೂ ನೀರು ಹೆಚ್ಚು ಬಿಸಿಯಾಗಿತ್ತು. ಕೊನೆಗೆ ಒಂದು ಬಂಡೆಯ ಸೀಳಿನಿಂದ ನೀರು ಕುದಿಯುತ್ತಾ ಉಕ್ಕುವುದು ಕಂಡಿತು. ಹಿಂತಿರುಗಿ ಬಂದು, ನೆಲದ ಒಳಗಿಂದಲೇ ಬಿಸಿ ಬರುತ್ತಿದೆ, ಆದರೆ ನೆಲದೊಳಗೆ ಒಲೆ ಹೂಡಿದವರು ಯಾರೋ ಅದು ತಿಳಿಯಲಿಲ್ಲ ಎಂದಳು. ಯಾಳಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು. ತಿಳಿಯದ್ದನ್ನೂ ಸೇರಿಸಿ ಹೇಳಿದವಳು ನೀನೇ ಮೊದಲಿಗಳು ಎಂದಿತು.

ಆ ಮಾತು ಕೇಳಿ ಇರುವಂತಿಗೆ ಸ್ವಲ್ಪ ಜಂಬ ಬಂತು.

ಐದನೆಯ ಬೆಟ್ಟದ ನೆತ್ತಿಯಲ್ಲಿ ಗಂಡಭೇರುಂಡದ ಗೂಡಿತ್ತು. ಗೂಡಿನಲ್ಲಿ ಒಂದೇ ಒಂದು ಮೊಟ್ಟೆ. ಉಳಿದ ಮೊಟ್ಟೆಗಳು ಒಡೆದು ಮರಿಗಳು ಹಾರಿಹೋಗಿದ್ದವು. ಇದನ್ನು ಎಸೆಯೋಣ ಎಂದು ಹಕ್ಕಿಯ ಒಂದು ತಲೆ ಹೇಳುತ್ತಿತ್ತು. ಬೇಡ ಎಂದು ಇನ್ನೊಂದು ತಲೆ ಅಳುತ್ತಿತ್ತು. ಒಳಗೆ ಜೀವವಿದೆಯೋ ಇಲ್ಲವೋ ಎಂದು ಎರಡೂ ತಲೆಗಳು ಅವಳನ್ನೇ ಕೇಳಿದವು. ಇರುವಂತಿ ಮಡಕೆಯನ್ನು ಬಡಿದು ನೋಡುವಂತೆ ಮೊಟ್ಟೆಯನ್ನು ಒಂದು ಸಲ ಬಡಿದಳು. ಅದು ಮಂಜಿನಂತೆ ತಣ್ಣಗಿತ್ತು. ಜೀವ ಹೋಗಿದೆ ಎಂದುಬಿಟ್ಟಳು.

ತಕ್ಷಣ ಅವಳ ಬಲಗೈ ಮೊಣಕೈವರೆಗೆ ಕಲ್ಲಾಯಿತು.

ಇರುವಂತಿ ಅಲ್ಲೇ ಕುಸಿದು ಅತ್ತಳು. ಕೈ ಹೋದದ್ದಕ್ಕಿಂತ, ಗಹ್ವರನ ಹಾಗೆಯೇ ತಾನೂ ನೋಡದೆ ನುಡಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆಮೇಲೆ ಕಣ್ಣೊರೆಸಿಕೊಂಡು, ಮೂರು ದಿನ ಸಮಯ ಕೊಡಿ ಎಂದು ಹಕ್ಕಿಯನ್ನು ಬೇಡಿದಳು. ಗೂಡಿನ ಸುತ್ತ ನಡೆದು ನೋಡಿದಳು. ಆ ಮೊಟ್ಟೆ ಇದ್ದ ಕಡೆ ಮಾತ್ರ ಬಂಡೆಯ ಸಂದಿನಿಂದ ಕುಳಿರ್ಗಾಳಿ ಬೀಸುತ್ತಿತ್ತು. ಎಡಗೈಯಿಂದಲೇ ಬಿಸಿಲಿಗೆ ಕಾದ ಮರಳನ್ನು ತೋಡಿ ಮೊಟ್ಟೆಯನ್ನು ಅದರಲ್ಲಿ ಹೂತಳು. ಮರಳು ಆರಿದಾಗಲೆಲ್ಲ ಬೇರೆ ಮರಳು ತಂದು ಸುರಿದಳು. ಮೂರನೆಯ ದಿನ ಮಧ್ಯಾಹ್ನ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬಂತು. ಎರಡು ತಲೆಯ ಮರಿ ಹೊರಬಂದು ಅವಳ ಕಲ್ಲುಗೈಯನ್ನು ಕುಕ್ಕಿತು. ಕಲ್ಲು ಕರಗಿ ಕೈ ಮೊದಲಿನಂತಾಯಿತು.

ತಣ್ಣಗಾದದ್ದೆಲ್ಲ ಸತ್ತಿರುವುದಿಲ್ಲ ಎಂದು ಇರುವಂತಿ ತನ್ನಷ್ಟಕ್ಕೆ ಹೇಳಿಕೊಂಡಳು. ಗಂಡಭೇರುಂಡ ಸಂತೋಷದಿಂದ ಅವಳನ್ನು ಹೊತ್ತು ಏಳನೆಯ ಬೆಟ್ಟದ ಆಚೆ ಇಳಿಸಿತು.

ಅಲ್ಲಿ ಸರೋವರವಿತ್ತು. ದಡದಲ್ಲಿ ಏಳು ಹೆಡೆಯ ಹಾವು ಸುರುಳಿ ಸುತ್ತಿ ಮಲಗಿತ್ತು. ಅದು ಅವಳನ್ನು ತಡೆಯಲಿಲ್ಲ. ಬೇಕಾದರೆ ಕುಡಿ ಎಂದಿತು. ಇರುವಂತಿ ಬೊಗಸೆ ತುಂಬ ನೀರೆತ್ತಿದಳು. ತುಟಿಯವರೆಗೆ ತಂದವಳು ನಿಲ್ಲಿಸಿ ಕೇಳಿದಳು:

"ಇದನ್ನು ಕುಡಿದರೆ ಏನೇನು ತಿಳಿಯುತ್ತದೆ?"

"ಮನುಷ್ಯರು ಇಂದಿನವರೆಗೆ ತಿಳಿದದ್ದೆಲ್ಲ ತಿಳಿಯುತ್ತದೆ," ಎಂದಿತು ಹಾವು. "ಆಮೇಲೆ ಹೊಸದಕ್ಕೆ ನಿನ್ನ ತಲೆಯಲ್ಲಿ ಜಾಗವಿರುವುದಿಲ್ಲ. ಹೊಸದು ಕಣ್ಣೆದುರೇ ಬಂದರೂ ನಿನಗೆ ಕಾಣಿಸದು. ಮೂವತ್ತು ವರ್ಷದ ಹಿಂದೆ ನಿಮ್ಮೂರಿನವನೇ ಒಬ್ಬ ಬಂದು ಕುಡಿದು ಹೋದ."

"ನಮ್ಮಕ್ಕನ ನಿದ್ದೆಗೆ ಮದ್ದು ಇಂದಿನವರೆಗೆ ಯಾರಿಗಾದರೂ ತಿಳಿದಿದೆಯೇ?"

"ಇಲ್ಲ."

ಇರುವಂತಿ ಬೊಗಸೆಯ ನೀರನ್ನೇ ನೋಡಿದಳು. ಇಷ್ಟು ದೂರ ಬಂದದ್ದು ಇದಕ್ಕಾಗಿಯೇ. ಕುಡಿದರೆ ನಕ್ಷತ್ರಗಳ ಲೆಕ್ಕ ಸಿಗುತ್ತದೆ, ನೆಲದೊಳಗಿನ ಬೆಂಕಿಯ ಗುಟ್ಟೂ ಸಿಗಬಹುದು, ಆದರೆ ಅಕ್ಕ ಸಿಗುವುದಿಲ್ಲ. ಅವಳು ಕೈ ಬಿಚ್ಚಿದಳು. ನೀರು ಸರೋವರಕ್ಕೇ ಸೇರಿತು. ಹಾವು ಏಳೂ ಹೆಡೆಗಳನ್ನು ಬಗ್ಗಿಸಿ ಅವಳಿಗೆ ವಂದಿಸಿತು. ಅಲ್ಲೇ ಕಾದಿದ್ದ ಗಂಡಭೇರುಂಡ ಅವಳನ್ನು ಊರಿಗೆ ತಂದು ಬಿಟ್ಟಿತು. ಹುಣ್ಣಿಮೆಗೆ ಇನ್ನು ಎಂಟು ದಿನವಿತ್ತು.

ಮಲಗಿದವರ ಮನೆ ಮನೆಗೂ ಇರುವಂತಿ ಹೋದಳು. ನಿದ್ದೆ ಬರುವ ಮುಂಚೆ ಮನೆಗೆ ಹೊಸದಾಗಿ ಏನು ಬಂದಿತ್ತು ಎಂದು ಕೇಳಿದಳು. ಒಬ್ಬರು ಎಮ್ಮೆ ಎಂದರು, ಒಬ್ಬರು ಸೊಸೆ ಎಂದರು. ಆದರೆ ಪ್ರತಿ ಮನೆಯ ನೀರಿನ ಮೂಲೆಯಲ್ಲೂ ಒಂದು ನೀಲಿ ಮಡಕೆ ಇತ್ತು. ಅವು ಅವಳ ಅಪ್ಪನೇ ಮಾಡಿದ ಮಡಕೆಗಳು. ಹಿಂದಿನ ಮಳೆಗಾಲದಲ್ಲಿ ಗುಡ್ಡ ಕುಸಿದು ನೀಲಿ ಜೇಡಿಮಣ್ಣು ಹೊರಬಂದಿತ್ತು. ನೋಡಲು ಚೆಂದವೆಂದು ದ್ಯಾವಣ್ಣ ಅದರಿಂದ ಮಡಕೆ ಮಾಡಿ ಊರಿಗೆಲ್ಲ ಕೊಟ್ಟಿದ್ದ. ಅದರಲ್ಲಿ ಬಹುದಿನ ನಿಂತ ನೀರು ಕುಡಿದವರಷ್ಟೇ ಮಲಗಿದ್ದರು. ಅರಮನೆಯವರು ಬೆಳ್ಳಿಯ ಹಂಡೆಯಲ್ಲಿ ನೀರಿಡುತ್ತಿದ್ದರು. ಅಲ್ಲಿ ಯಾರೂ ಮಲಗಿರಲಿಲ್ಲ.

ಆದರೂ ಇರುವಂತಿ ಈ ಸಲ ಅವಸರ ಮಾಡಲಿಲ್ಲ. ಎರಡು ಹುಂಜ ತಂದಳು. ಒಂದಕ್ಕೆ ಕೆಂಪು ಮಡಕೆಯ ನೀರು, ಇನ್ನೊಂದಕ್ಕೆ ನೀಲಿ ಮಡಕೆಯಲ್ಲಿ ಬಹುದಿನ ನಿಂತ ನೀರು ಕುಡಿಸಿದಳು. ಮರುದಿನ ಬೆಳಿಗ್ಗೆ ಒಂದೇ ಹುಂಜ ಕೂಗಿತು. ಮಾತು ಬಾರದ ದ್ಯಾವಣ್ಣ ಅಂಗಳಕ್ಕಿಳಿದು, ತಾನು ಮಾಡಿದ ನೀಲಿ ಮಡಕೆಗಳನ್ನು ಒಂದೊಂದಾಗಿ ನೆಲಕ್ಕೆ ಬಡಿದ. ಹಳೆಯ ನೀರು ಇನ್ನೂ ಉಳಿದಿದ್ದ ಕೊನೆಯದನ್ನು ಇರುವಂತಿ ಅವನ ಕೈಯಿಂದ ಬಿಡಿಸಿಕೊಂಡಳು.

"ನಿನಗೆ ಗೊತ್ತಿರಲಿಲ್ಲಪ್ಪ," ಎಂದಳು. "ಇದನ್ನು ಸಭೆಗೆ ತೋರಿಸಬೇಕು."

ಸಭೆಯಲ್ಲಿ ಅವಳು ಹುಂಜಗಳನ್ನೂ ಮಡಕೆಯನ್ನೂ ಇಟ್ಟು ನಡೆದದ್ದನ್ನೆಲ್ಲ ಹೇಳಿದಳು. ಗಹ್ವರ ನಕ್ಕ. ಲೋಕದಲ್ಲಿ ಇರುವುದು ಹದಿನಾರು ಬಗೆಯ ಮಣ್ಣು, ಅದರಲ್ಲಿ ನೀಲಿ ಇಲ್ಲ, ಇದು ಕೆಂಪು ಮಣ್ಣಿನ ಮಡಕೆಯೇ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣಿಗೆ ಅದು ಕೆಂಪಾಗಿಯೇ ಕಾಣುತ್ತಿತ್ತು. ಕುಡಿಯಬೇಡಿ ಸ್ವಾಮಿ ಎಂದು ಇರುವಂತಿ ಎರಡು ಸಲ ಬೇಡಿಕೊಂಡಳು. ಗಹ್ವರ ಮಡಕೆಯೆತ್ತಿ ಕೊನೆಯ ಹನಿಯವರೆಗೂ ಕುಡಿದ. ಸಭೆ ಮುಗಿಯುವ ಮುಂಚೆಯೇ ಅವನ ತಲೆ ಎದೆಗೆ ವಾಲಿತು, ಮೈ ತಣ್ಣಗಾಯಿತು.

ಅದೇ ಗಳಿಗೆಗೆ ರಾಜ್ಯದಲ್ಲಿ ಅಂಟಿದ್ದ ನಾಲಿಗೆಗಳೆಲ್ಲ ಬಿಟ್ಟುಕೊಂಡವು. ದ್ಯಾವಣ್ಣ ದೊರೆಯ ಮುಂದೆ ನಿಂತ. "ಆ ಮಡಕೆ ಮಾಡಿದವನು ನಾನು. ಶಿಕ್ಷೆ ನನಗಾಗಲಿ," ಎಂದ.

ವಿಜಯಕೇತು ಸಿಂಹಾಸನದಿಂದ ಇಳಿದು ಬಂದ. "ನೀನು ತಿಳಿಯದೆ ಮಾಡಿದೆ. ನಾನು ತಿಳಿಯುವುದಕ್ಕೇ ಹೆದರಿ ಕುಳಿತೆ. ಶಿಕ್ಷೆಯ ಮಾತು ಬಿಡು, ಈಗ ಮಲಗಿದವರನ್ನು ಎಬ್ಬಿಸೋಣ," ಎಂದ.

ಇರುವಂತಿ ಗಂಡಭೇರುಂಡದ ಮೊಟ್ಟೆಯನ್ನು ನೆನೆದು ದಾರಿ ಹೇಳಿದಳು. ಊರಿಗೆ ಊರೇ ಸೇರಿ ಕುಂಬಾರರ ಆವಿಗೆಗಳಲ್ಲಿ ಮರಳು ಕಾಯಿಸಿತು. ಗುಹೆಯಿಂದ ಎಲ್ಲರನ್ನೂ ಹೊತ್ತು ತಂದು ಕುತ್ತಿಗೆಯವರೆಗೆ ಬೆಚ್ಚನೆಯ ಮರಳಿನಲ್ಲಿ ಹುದುಗಿಸಿದರು. ದೊರೆಯೂ ಪುಟ್ಟಿ ಹೊತ್ತ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸುರಗಿ ಕಣ್ಣು ಬಿಟ್ಟು, ತನ್ನನ್ನು ಹೂತವರು ಯಾರು ಎಂದು ಸಿಟ್ಟಿನಿಂದ ತಂಗಿಯನ್ನು ಕೇಳಿದಳು. ಇರುವಂತಿ ನಗುತ್ತಾ ಅಳುತ್ತಾ ಮರಳು ಸರಿಸಿದಳು.

ಗಹ್ವರನನ್ನು ಹಾಗೆಯೇ ಬಿಡೋಣ ಎಂದರು ಕೆಲವರು. ಇರುವಂತಿ ಒಪ್ಪದೆ ಅವನನ್ನೂ ಮರಳಿನಲ್ಲಿ ಮಲಗಿಸಿದಳು. ಬೆವರಿನೊಡನೆ ಸರೋವರದ ನೀರೆಲ್ಲ ಅವನ ಮೈಯಿಂದ ಇಳಿದುಹೋಯಿತು. ಎದ್ದವನು ಪಕ್ಕದಲ್ಲಿ ಬಿದ್ದಿದ್ದ ಒಡೆದ ನೀಲಿ ಮಡಕೆಯ ಬೋಕಿಯೊಂದನ್ನು ಎತ್ತಿಕೊಂಡು, ಮಗುವಿನಂತೆ ತಿರುಗಿಸಿ ತಿರುಗಿಸಿ ನೋಡಿದ.

"ಇದೇನಿದು?" ಎಂದ.

ಮೂವತ್ತು ವರ್ಷಗಳಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಆಮೇಲೆ ದೊರೆ ಒಂದು ದೊಡ್ಡ ಶಾಲೆ ಕಟ್ಟಿಸಿದ. ಇರುವಂತಿ ಅದರ ಹಿರಿಯಳಾದಳು. ಅದರ ಒಂದು ಗೋಡೆಯ ಮೇಲೆ ತಿಳಿದದ್ದನ್ನು ಬರೆಯುತ್ತಿದ್ದರು, ಎದುರಿನ ಗೋಡೆಯ ಮೇಲೆ ತಿಳಿಯದ್ದನ್ನು. ಆ ಮಣ್ಣಿಗೆ ನಿದ್ದೆ ಬರಿಸುವ ಗುಣ ಬಂದದ್ದು ಹೇಗೆ ಎಂಬುದು ಎರಡನೆಯ ಗೋಡೆಯ ಮೊದಲ ಸಾಲು. ಗಹ್ವರ ಅದನ್ನೇ ಹಿಡಿದು ಕುಳಿತ. ಉತ್ತರ ಸಿಗಲು ಹನ್ನೊಂದು ವರ್ಷ ಬೇಕಾಯಿತು. ಸಿಕ್ಕ ದಿನವೇ ಅವನು ಆ ಸಾಲಿನ ಕೆಳಗೆ ಇನ್ನೂ ನಾಲ್ಕು ಹೊಸ ಪ್ರಶ್ನೆ ಬರೆದ.

ಹೀಗೇ ಎರಡೂ ಗೋಡೆಗಳು ತುಂಬುತ್ತಾ ಹೋದವು. ಒಂದು ದಿನ ಮುದಿ ದೊರೆ ಅಲ್ಲಿಗೆ ಬಂದು, ಇಷ್ಟೆಲ್ಲ ಕಲಿತರೂ ತಿಳಿಯದ್ದರ ಗೋಡೆಯೇ ಉದ್ದವಾಗಿದೆಯಲ್ಲ ತಾಯಿ ಎಂದ.

"ಅದೆಲ್ಲ ಮೊದಲೂ ಇತ್ತು ಪ್ರಭು," ಎಂದಳು ಇರುವಂತಿ. "ಈಗ ನಮಗೆ ಕಾಣುತ್ತಿದೆ."

ದೊರೆಗೆ ಅಂದು ಭಯವಾಗಲಿಲ್ಲ. ಅವನು ಊಟಕ್ಕೆ ಹೋಗುವುದನ್ನೂ ಮರೆತು, ಗೋಡೆಯ ಕೊನೆಯ ಸಾಲಿನವರೆಗೂ ಓದುತ್ತಾ ನಿಂತ. ಅಂಬರಾವತಿಯ ಜನ ಬಹುಕಾಲ ಸುಖವಾಗಿ ಬಾಳಿದರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ, ಹಾಡು ಹೇಳುತ್ತಾ, ಆ ಗೋಡೆಯನ್ನು ಇನ್ನೊಂದು ಮಾರು ಮುಂದಕ್ಕೆ ಕಟ್ಟುತ್ತಿದ್ದರು.