ಎಲೆಯ ಸುಣ್ಣ

ಹಂಪವ್ವನ ದಾಳಿಂಬೆ ಗಿಡಗಳ ರಸನಾಳಗಳಲ್ಲಿ ಅಂದು ಬೆಳಗಿನಿಂದ ಅಂಬಿಗರು ಕೆಲಸಕ್ಕಿಳಿದಿದ್ದರು. ಸೂಕ್ಷ್ಮಾಂಬಿಗ ಎಂಬುದು ಆ ಯಂತ್ರಕಣದ ಪೂರ್ಣ ಹೆಸರು. ಹನಿ ನೀರಾವರಿಯ ಕೊಳವೆಯಿಂದ ಬೇರಿಗೆ, ಬೇರಿನಿಂದ ಕಾಂಡಕ್ಕೆ ಏರಿ, ಬಲಿತ ಎಲೆಗಳಲ್ಲಿ ಕೂತ ಸುಣ್ಣಾಂಶವನ್ನು ಹೊತ್ತು ತಂದು ಕಾಯಿಗೆ ಇಳಿಸುವುದಷ್ಟೇ ಅದರ ಕಸುಬು. ಅದನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಫುಲ್ಲಾ ಕಮತಗಿ ಬದುವಿನ ಮೇಲೆ ಕೂತು ಅಂಗೈಯಗಲದ ಪರದೆಯನ್ನು ನೋಡಿ ಹಿಗ್ಗುತ್ತಿದ್ದರು. ಹಂಪವ್ವನಿಗೆ ಹಿಗ್ಗುವಂಥದ್ದೇನೂ ಕಾಣಲಿಲ್ಲ.

"ಅಲ್ರೀ ಅಕ್ಕಾರ, ಹೊಲಕ್ಕ ಸುಣ್ಣ ಹಾಕೂದು ನಾವೇನು ಬಿಟ್ಟೀವಿ? ಮತ್ತ ಕಾಯಿ ಯಾಕ ಸೀಳ್ತಾವು?"

"ಎಳೀ ಬೇರು ಸುಣ್ಣ ಕುಡೀತದ ಹಂಪವ್ವಾರ. ಆದ್ರ ಮ್ಯಾಲೆ ಏರೂದು ನೀರಿನ ಬೆನ್ನು ಹತ್ತಿ. ನೀರು ಎಲ್ಲಿ ಆವಿಯಾಗಿ ಹೋಗ್ತದೋ ಅಲ್ಲೇ ಸುಣ್ಣ ಇಳೀತದ. ಎಲಿಗೆ ಸಾವಿರಾರು ಸಣ್ಣ ಬಾಯಿ. ಕಾಯಿಗೆ ಅಷ್ಟಿಲ್ಲ. ಹಿಂಗಾಗಿ ಎಲ್ಲಾ ಎಲಿ ಪಾಲು."

"ಅಂದ್ರ ಎಲಿ ನಮ್ಮ ಅಮರೇಗೌಡ ಇದ್ದಂಗ. ಮೊದಲ ಪಂಕ್ತ್ಯಾಗ ಕುಂತು ಹೋಳಿಗಿ ಎಲ್ಲಾ ತಾನ ಬಡಿಸ್ಕೊಂತಾನ."

"ಒಮ್ಮೆ ಎಲಿ ಸೇರಿದ್ದು ತಿರುಗಿ ಹೊರಗ ಬರೂದಿಲ್ಲ."

"ಥೂ! ಅದೂ ಗೌಡನ ಗುಣಾನ."

ಕಲ್ಲುಕಲ್ಲಿನ ನಡುವೆ ಗಾರೆ ಇದ್ದಂತೆ, ಜೀವಕೋಶಗಳ ನಡುವೆ ಸುಣ್ಣಾಂಶ. ಅದು ಸಾಲದ ಕಾಯಿ ಬಿಸಿಲಿಗೆ ಒಣಗಿ ನಿಂತಾಗ ಒಂದು ಮಳೆ ಬಿದ್ದರೆ ಸಾಕು, ಒಳಗಿನ ತಿರುಳು ಉಬ್ಬಿ ಸಿಪ್ಪೆ ಬಾಯ್ಬಿಡುತ್ತದೆ. ಕಳೆದೆರಡು ಹಂಗಾಮು ಹಂಪವ್ವನ ತೋಟದಲ್ಲಿ ನಡೆದದ್ದು ಇದೇ. ಆ ಕಾಲಕ್ಕೆ ಕುಷ್ಟಗಿ ಸೀಮೆಯ ನೀರೆಲ್ಲ ಬೆಳೆಗಾರರ ಸಂಘದ ಕೈಯಲ್ಲಿತ್ತು. ಸಂಘ ಅಧ್ಯಕ್ಷ ಅಮರೇಗೌಡನ ಕೈಯಲ್ಲಿತ್ತು. ಈ ಸಲವೂ ಕಾಯಿ ಸೀಳಿದರೆ ನೀರು ಬಂದ್, ಗಿಡ ಕಿತ್ತು ಆ ನೆಲದಲ್ಲಿ ವಿದ್ಯುತ್ತಿನ ಬಿಸಿಲುಹಲಗೆ ನೆಡುವುದು ಎಂದು ಆತ ಠರಾವು ಮಾಡಿಸಿದ್ದ. ಗಂಡುಹೂವು ಯಾವುದು, ಕಾಯಿ ಕಚ್ಚುವ ಹೂವು ಯಾವುದು ಎಂದು ತಿಳಿಯದ ಮನುಷ್ಯ! ತಾನು ಕೊಡ ಹೊತ್ತು ಬೆಳೆಸಿದ ಗಿಡಗಳ ಹಣೆಬರಹ ಇಂಥವನ ನಾಲಗೆಯ ಮೇಲೆ ನಿಂತಿದೆಯಲ್ಲ ಎಂದು ಹಂಪವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲವು ವಾರಗಳ ಮೇಲೆ ಮಳೆ ಬಂತು. ಧೋ ಎಂದು ಸುರಿದು ಹೋಯಿತು. ಹಂಪವ್ವ ಸಾಲುಸಾಲು ಬಗ್ಗಿ ನೋಡಿದಳು. ಒಂದು ಕಾಯಿಯೂ ಬಿರಿದಿರಲಿಲ್ಲ. ಬೆರಳಿಂದ ಬಡಿದರೆ ತೆಂಗಿನ ಚಿಪ್ಪಿನಂತೆ ಟಕ್ ಎನ್ನುತ್ತಿತ್ತು.

ಮಳೆಯ ಬೆನ್ನಿಗೆ ಕಳೆ ಎದ್ದಿತು. ಕಳೆ ಎದ್ದಾಗ ಕುರಿಗಾರರ ಹಿಂಡನ್ನು ದಾಳಿಂಬೆ ತೋಟಕ್ಕೆ ಬಿಡುವುದು ಆ ಸೀಮೆಯ ರೂಢಿ. ಕಳೆ ಕುರಿಗೆ, ಹಿಕ್ಕೆ ಗಿಡಕ್ಕೆ. ಕುರಿಗಳು ದಾಳಿಂಬೆ ಎಲೆಗೆ ಬಾಯಿ ಹಾಕವು ಎಂಬುದು ಅಜ್ಜ ಮುತ್ತಜ್ಜರ ಕಾಲದಿಂದ ಎಲ್ಲರೂ ಕಂಡ ಮಾತು. ಆದ್ದರಿಂದ ಕಾವಲು ನಿಲ್ಲುವ ಪದ್ಧತಿಯೇ ಇರಲಿಲ್ಲ. ಕುರಿಗಾರ ಯಮನೂರಪ್ಪ ಹಿಂಡು ಹೊಡೆದು ಬಂದ. ಹಂಪವ್ವ ಅವನನ್ನು ಗುಡಿಸಲಿಗೆ ಕರೆದು ರೊಟ್ಟಿ ಕೊಟ್ಟಳು. ಉಂಡು ಹೊರಬರುವಷ್ಟರಲ್ಲಿ ಕುರಿಗಳೆಲ್ಲ ಹಿಂಗಾಲ ಮೇಲೆ ನಿಂತಿದ್ದವು. ಅರ್ಧ ತೋಟದಲ್ಲಿ ಬರೀ ಕಡ್ಡಿ, ಕಡ್ಡಿಗೊಂದು ಕೆಂಪು ಕಾಯಿ.

"ಏ ಯಮನೂರಾ, ನಿನ್ನ ಕುರಿಗೆ ಹುಚ್ಚು ಹಿಡದೈತೇನೋ!"

"ನನ್ನ ಜಲ್ಮದಾಗ ಇವು ಈ ಎಲಿ ಮುಟ್ಟಿಲ್ಲ ಬೇ ಯವ್ವಾ! ನೀ ಏನು ಗಿಡಕ್ಕ ಬೆಲ್ಲ ಸವರೀಯೇನು?"

ಇಬ್ಬರೂ ಸೇರಿ ಹಿಂಡನ್ನು ಅಟ್ಟುವ ಹೊತ್ತಿಗೆ ಉಳಿದರ್ಧವೂ ಬೋಳಾಗಿತ್ತು. ಕಾಯಿಗಳ ಮೇಲೆ ಮಾತ್ರ ಕುರಿಗಳ ಹಲ್ಲು ಜಾರಿತ್ತು.

ಸುದ್ದಿ ಕೇಳಿ ಓಡಿ ಬಂದ ಪ್ರಫುಲ್ಲಾ ಉದುರಿದ್ದ ಎಲೆಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು, ಮುಖ ಸಪ್ಪಗಾಯಿತು. ಎಲೆ ತನ್ನ ಹೆಚ್ಚುವರಿ ಸುಣ್ಣವನ್ನು ಮುಳ್ಳುಮುಳ್ಳಾದ ಹರಳುಗಳಾಗಿ ಕಟ್ಟಿಡುತ್ತಿತ್ತು. ಮೇಯುವ ನಾಲಗೆಗೆ ಚುಚ್ಚುತ್ತಿದ್ದದ್ದು ಅದೇ. ಅಂಬಿಗರು ಹರಳನ್ನೆಲ್ಲ ಕರಗಿಸಿ ಹೊತ್ತೊಯ್ದಿದ್ದರು.

"ಎಲಿ ಅದನ್ನ ಸುಮ್ಮನ ಕೂಡಿ ಹಾಕ್ಯದ ಅಂತ ತಿಳದಿದ್ದೆ," ಎಂದರು ಪ್ರಫುಲ್ಲಾ.

"ನೀವು ಹಂಗ ತಿಳದ್ರಿ, ನಾ ಅದಕ್ಕ ಗೌಡ ಅಂದೆ," ಎಂದಳು ಹಂಪವ್ವ. "ಪಾಪ, ಗೌಡನಿಗೆ ಹೋಲಿಸಬಾರದಿತ್ತು."

ಬಿಸಿಲನ್ನು ಸಕ್ಕರೆ ಮಾಡುವುದು ಎಲೆ. ಎಲೆಯಿಲ್ಲದ ಗಿಡದಲ್ಲಿ ಕಾಯಿಗಳು ನೇರ ಬಿಸಿಲುಂಡು ಕುಂಕುಮದಂತೆ ಕೆಂಪಾದವು. ಒಳಗೆ ಮಾತ್ರ ಕಾಳು ತೊಳೆದ ಅಕ್ಕಿಯಷ್ಟು ಬೆಳ್ಳಗೆ, ಸೀಮೆಸುಣ್ಣ ಅಗಿದಂಥ ರುಚಿ.

ತಪಾಸಣೆಗೆ ಸಂಘದವರು ಬಂದರು. ಅಮರೇಗೌಡ ಸಾಲಿನ ನಡುವೆ ನಿಂತು ಕಣ್ಣರಳಿಸಿದ.

"ಆಹಾ! ಒಂದರ ಸೀಳೈತೇನ್ರಪಾ? ಎಲಿ ಕಾಟಿಲ್ಲ, ಕೀಳಾಕ ಸಸಾರ. ಇದು ತೋಟ ಅಂದ್ರ! ಮುಂದಿನ ಹಂಗಾಮಿಗೆ ಎಲ್ಲಾರೂ ಗಿಡದಾಗ ಅಂಬಿಗರನ್ನ ಬಿಡ್ರಿ, ಕುರಿ ಬಿಟ್ಟು ಎಲಿ ತೆಗಸ್ರಿ. ಹಂಪವ್ವನ ಗಿಡ ಕೀಳೂದು ರದ್ದು."

ಜೊತೆಗೆ ಬಂದವರು ಚಪ್ಪಾಳೆ ತಟ್ಟಿದರು. ಹಂಪವ್ವ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಗಿಡ ಉಳಿಯುತ್ತಿದ್ದವು. ಊರೂರ ತೋಟಗಳು ಬೋಳಾಗುತ್ತಿದ್ದವು. ಅವಳು ಗಿಡಗಳತ್ತ ಒಮ್ಮೆ ನೋಡಿದಳು. ಕುಡುಗೋಲು ತಂದು ಕಾಯಿಯೊಂದನ್ನು ಕಲ್ಲಿನ ಮೇಲಿಟ್ಟು ಸೀಳಿದಳು.

"ಅಧ್ಯಕ್ಷರ, ತಿಂದು ಹೇಳ್ರಿ. ಇದು ಹಣ್ಣಲ್ಲ, ಬರೀ ಸುಣ್ಣ."

ಗೌಡ ಒಂದು ಮುಷ್ಟಿ ಕಾಳು ಬಾಯಿಗೆ ಹಾಕಿಕೊಂಡ. ಅವನ ದವಡೆ ನಡುದಾರಿಯಲ್ಲಿ ನಿಂತಿತು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತು ಆಗಲೇ ಹೊರಬಿದ್ದಿತ್ತು.

"ಸಕ್ಕರಿ!" ಎಂದು ನುಂಗಿದ.

ಸೀಳಿದ ಕಾಯಿ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಅಗಿದರು, ಗೌಡನ ಮುಖ ನೋಡಿದರು, ಸಕ್ಕರಿ ಎಂದರು. ಪ್ರಫುಲ್ಲಾ ಬಾಯಿ ತೆರೆದು ಕಹಿಸತ್ಯ ವಿವರಿಸತೊಡಗಿದಾಗ ಅವರನ್ನು ಯಾರೂ ಕೇಳಲಿಲ್ಲ.

"ಮನೀಗೂ ಒಂದೊಂದು ಬುಟ್ಟಿ ತುಂಬಸು ಹಂಪವ್ವಾ," ಎಂದ ಗೌಡ, ತನ್ನ ಮಾತಿಗೆ ಇನ್ನಷ್ಟು ಬಲ ಬರಲೆಂದು.

ಹಂಪವ್ವ ಕೂಡಲೇ ಬುಟ್ಟಿಗಳನ್ನು ತಂದಳು. ಅತ್ಯಂತ ಕೆಂಪಾದ ಕಾಯಿಗಳನ್ನೇ ಆರಿಸಿ, ಪ್ರತಿ ಬುಟ್ಟಿಯನ್ನೂ ತಾನೇ ತುಂಬಿ ಕಳಿಸಿದಳು. ಅವರವರ ಮನೆಗಳಲ್ಲಿ ಸಣ್ಣ ಮಕ್ಕಳಿದ್ದರು. ಗೌಡನ ಮುಖ ನೋಡಿ ರುಚಿ ಹೇಳುವಷ್ಟು ಅವರಿನ್ನೂ ಬೆಳೆದಿರಲಿಲ್ಲ.